ಅರ್ಥ ನಿಮ್ಮ ಕಡೆ, ಜೋಡಿ ನನ್ನ ಕಡೆ

ಮೂರ್ತಪ್ಪನವರು ಬೀದಿಯಲ್ಲಿ ನಡೆದು ಹೋಗುವಾಗ ಅವರ ಬಲಗೈ ಸುಮ್ಮನಿದ್ದುದನ್ನು ನಾನು ಎಂದೂ ಕಾಣೆ. ಹೆಬ್ಬೆರಳೂ ತೋರುಬೆರಳೂ ಕೂಡಿಕೊಂಡು ಸೊಂಟದ ಮಟ್ಟದ ಗಾಳಿಯಲ್ಲಿ ಏನನ್ನೋ ಹೆಕ್ಕಿ, ಎದೆಯ ಹತ್ತಿರ ಮಡಿಚಿ ಹಿಡಿದ ಎಡಗೈಯ ಕಡೆಗೆ ಒಯ್ದು, ಅಲ್ಲಿ ಮೆಲ್ಲನೆ ಇರಿಸಿ, ಮತ್ತೆ ಕೆಳಗಿಳಿಯುತ್ತಿದ್ದವು. ಮೊದಲ ಸಲ ನೋಡಿದವರು ಜಪವೆಂದು ಭಾವಿಸಿ ದಾರಿ ಬಿಡುತ್ತಿದ್ದರು; ನಾಲ್ಕಾರು ಸಲ ನೋಡಿದವರು ನರದ ಕಾಯಿಲೆಯೆಂದು ಮರುಗುತ್ತಿದ್ದರು. ಎರಡೂ ಅಲ್ಲ. ಶಿವಮೊಗ್ಗೆಯ ಗಾಂಧಿ ಬಜಾರಿನ ಹಿಂದಣ ಓಣಿಯಲ್ಲಿದ್ದ ಪರಮೇಶ್ವರಪ್ಪನವರ ಅಚ್ಚುಕೂಟದಲ್ಲಿ ಹದಿನೈದನೆಯ ವಯಸ್ಸಿನಿಂದ ಸೀಸದ ಮೊಳೆಗಳನ್ನು ಜೋಡಿಸುತ್ತ ಬಂದ ಕೈ ಅದು. ದಾರಿಯಲ್ಲಿ ಕಿವಿಗೆ ಬಿದ್ದ ಮಾತನ್ನು, ಕಣ್ಣಿಗೆ ಬಿದ್ದ ಅಂಗಡಿಯ ಫಲಕವನ್ನು, ಯಾರೋ ಯಾರನ್ನೋ ಕೂಗಿದ ಹೆಸರನ್ನು ಅಕ್ಷರ ಅಕ್ಷರವಾಗಿ ಜೋಡಿಸಿಕೊಂಡೇ ಅದು ಮುಂದೆ ಹೋಗುತ್ತಿತ್ತು.

ಆಳು ಎತ್ತರ, ಒಣಕಲು. ಮೂವತ್ತು ವರ್ಷ ಒಂದೇ ಕಾಲಿನ ಮೇಲೆ ಭಾರ ಹಾಕಿ ಮೊಳೆಗಳನ್ನು ಮನೆ ಮನೆಯಾಗಿ ತುಂಬಿಟ್ಟ ಕೇಸಿನ ಮುಂದೆ ನಿಂತದ್ದರಿಂದ ದೇಹ ಎಡಕ್ಕೆ ತುಸು ವಾಲಿತ್ತು. ನಡಿಗೆಯಲ್ಲಿ ಆ ವಾಲಿಕೆ ಒಂದು ಬಗೆಯ ವಿನಯದಂತೆ, ಎದುರು ಬಂದವರಿಗೆ ಸದಾ ದಾರಿ ಮಾಡಿಕೊಡುತ್ತಿರುವಂತೆ ಕಾಣುತ್ತಿತ್ತು. ಹಣೆಯಲ್ಲಿ ವಿಭೂತಿ, ಉಗುರಿನ ಸಂದಿಯಲ್ಲಿ ಎಂಥ ಸೀಗೆಪುಡಿಗೂ ಜಗ್ಗದ ಶಾಯಿ. ಕರಡಚ್ಚನ್ನು ಗಿರಾಕಿಗಳ ಮನೆಗೆ ಒಯ್ಯುವ ದಿನ ಮಾತ್ರ ಒಂದು ಕಪ್ಪು ಕೋಟು ತೊಡುತ್ತಿದ್ದರು. ಅದರ ಒಳಜೇಬು ಕರಡಿನ ಕಾಗದ ಇರಿಸಲೆಂದೇ ಕಲ್ಲಮ್ಮನವರು, ಅಂದರೆ ಅವರ ಹೆಂಡತಿ, ಬೇರೆ ಬಟ್ಟೆಯಿಂದ ಹೊಲಿದು ದೊಡ್ಡದು ಮಾಡಿದ್ದರು. ಉಳಿದ ದಿನಗಳಲ್ಲಿ ಕೋಟು ಅಚ್ಚುಕೂಟದ ಗೂಟಕ್ಕೆ ನೇತಾಡುತ್ತಿತ್ತು. ಮನೆ ಇದ್ದುದು ಭದ್ರಾವತಿಯ ಹಳೇನಗರದಲ್ಲಿ. ದಿನವೂ ಬೆಳಗಿನ ರೈಲಿಗೆ ಶಿವಮೊಗ್ಗೆಗೆ ಬಂದು, ಸಂಜೆಯ ರೈಲಿಗೆ ಭದ್ರಾವತಿಗೆ ಮರಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಸಾವಿರದ ಒಂಬೈನೂರ ಐವತ್ತೇಳರಲ್ಲಿ. ಆಗ ನಾನು ಇಂಗ್ಲಿಷ್ ಅಧ್ಯಾಪಕನಾಗಿ ಕಾಲೇಜಿಗೆ ಸೇರಿ ಎರಡು ವರ್ಷ. ನಮ್ಮ ಹುಡುಗರು ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳನ್ನು ಧೈರ್ಯವಾಗಿ ಬಳಸುತ್ತಿದ್ದರು. ಎಡವುತ್ತಿದ್ದುದು ಗುಣವಾಚಕಗಳ, ನಾಮಪದಗಳ ನಂತರ ಬಂದು ನಿಲ್ಲುವ ಆ ಎರಡು ಮೂರು ಅಕ್ಷರದ ಪುಟ್ಟ ಪದಗಳಲ್ಲಿ. ಕನ್ನಡದಲ್ಲಿ ನಾವು ವಿಭಕ್ತಿಯನ್ನು ಪದದ ಬಾಲಕ್ಕೇ ಹೊಲಿದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಅದು ಬೇರೆಯೇ ನಿಂತು, ಯಾರ ಪಕ್ಕಕ್ಕೆ ಯಾರು ಎಂಬ ಕಟ್ಟಳೆಯನ್ನು ಹೊರಗಿನವರಿಗೆ ಹೇಳಿಕೊಡದೆ ಪಾಲಿಸುತ್ತದೆ. 'ಅಫ್ರೇಡ್' ಆದ ಮೇಲೆ 'ಆಫ್', 'ಗುಡ್' ಆದ ಮೇಲೆ 'ಅಟ್', 'ರೀಸನ್' ಆದರೆ 'ಫಾರ್', 'ಅಟ್ಯಾಕ್' ಆದರೆ 'ಆನ್'. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಇಂಥ ಜೋಡಿಗಳನ್ನೆಲ್ಲ ಒಂದೆಡೆ ಸೇರಿಸಿ ಅರವತ್ತು ಪುಟದ ಕೈಪಿಡಿಯೊಂದನ್ನು ಬರೆದು, ಅದನ್ನು ಪರಮೇಶ್ವರಪ್ಪನವರ ಅಚ್ಚುಕೂಟಕ್ಕೆ ಕೊಟ್ಟೆ. ವಾರ ಬಿಟ್ಟು ನಾನು ಹೋದಾಗ ಮೂರ್ತಪ್ಪನವರು ನನ್ನ ಹಸ್ತಪ್ರತಿಯ ಹನ್ನೊಂದನೆಯ ಹಾಳೆಯನ್ನು ಕೇಸಿನ ಅಂಚಿಗೆ ಸಿಕ್ಕಿಸಿಕೊಂಡು, ಮೊಳೆಗಳನ್ನು ಸಾಲಾಗಿ ಕೂರಿಸುವ ಸ್ಟಿಕ್ಕನ್ನು ಅರ್ಧ ತುಂಬಿಸಿ ಎಡಗೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು.

"ಸಾರ್, ಇಲ್ಲಿ ಕೈ ಹೋಗ್ತಿಲ್ಲ," ಎಂದರು.

"ಯಾಕೆ, ಅಕ್ಷರ ತಿಳೀಲಿಲ್ವಾ?"

"ಅಕ್ಷರ ಮುತ್ತಿನ ಹಾಗಿದೆ. 'ಡಿಫರೆಂಟ್' ಆದ ಮೇಲೆ 'ಫ್ರಮ್' ಅಂತ ಬರೆದಿದೀರಿ, ಕೈ ಹೋಯ್ತು. ಅದರ ಕೆಳಗೆ 'ಇಂಡಿಫರೆಂಟ್' ಅಂತ ಬರೆದು ಅದಕ್ಕೂ 'ಫ್ರಮ್' ಹಾಕಿದೀರಿ. ಅಲ್ಲಿಗೆ ಕೈ ಹೋಗ್ತಿಲ್ಲ. 'ಟು' ಕಡೆ ಹೋಗ್ತಿದೆ."

ನಾನು ನಕ್ಕಿರಬೇಕು. ಕನ್ನಡ ಮೂರನೆಯ ತರಗತಿಗೆ ಶಾಲೆ ಬಿಟ್ಟವರು ಎಂದು ಪರಮೇಶ್ವರಪ್ಪನವರು ಆಗಲೇ ನನಗೆ ಹೇಳಿದ್ದರು. ಆದರೂ ಮನೆಗೆ ಹೋಗಿ ದೊಡ್ಡ ನಿಘಂಟು ತೆರೆದೆ. ಮೇಲಿನ ಸಾಲಿನ ಓಘದಲ್ಲಿ ನನ್ನ ಲೇಖನಿ ಜಾರಿತ್ತು. 'ಟು' ಎಂಬುದೇ ಸರಿ. ಮರುದಿನ ತಲೆ ತಗ್ಗಿಸಿಕೊಂಡು ಹೋಗಿ, ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಂಗೇನು ಗೊತ್ತು ಸಾರ್. ಆರು ವರ್ಷದ ಹಿಂದೆ ಒಬ್ಬರು ವಕೀಲರ ಮನವಿಪತ್ರ ಜೋಡಿಸಿದ್ದೆ. ಅದರಲ್ಲಿ ಆ ಪದ ಎರಡು ಸಲ ಬಂದಿತ್ತು. ಎರಡು ಸಲಾನೂ ಪಕ್ಕದಲ್ಲಿ 'ಟು' ಇತ್ತು."

"ಆ ಪದದ ಅರ್ಥ?"

"ಅದು ಗೊತ್ತಿಲ್ಲ." ಹೇಳಿದ ರೀತಿಯಲ್ಲಿ ಸಂಕೋಚದ ಲವಲೇಶವೂ ಇರಲಿಲ್ಲ. "ಅರ್ಥ ನಿಮ್ಮ ಕಡೆ ಇರ್ಲಿ ಸಾರ್, ಜೋಡಿ ನನ್ನ ಕಡೆ."

ಆ ಕೈಪಿಡಿ ಮುಗಿಯುವುದರೊಳಗೆ ಅವರ ಕೈ ಏಳು ಕಡೆ ನಿಂತಿತು. ಐದು ಕಡೆ ತಪ್ಪು ನನ್ನದು. ಒಂದು ಕಡೆ ಎರಡು ರೂಪವೂ ಸರಿ. ಒಂದು ಕಡೆ ಮಾತ್ರ ನಾನು ಗೆದ್ದೆ. ಗೆದ್ದದ್ದು ನನಗೆ ಅಷ್ಟೇನೂ ಹಿತವಾಗಲಿಲ್ಲ. ಅವರು ಆ ಒಂದು ತಪ್ಪನ್ನು ದಿನವಿಡೀ ಮನಸ್ಸಿನಲ್ಲಿ ಹೊತ್ತು ತಿರುಗಿ, ಸಂಜೆ ರೈಲಿಗೆ ಹೊರಡುವ ಮುನ್ನ, "ಯಾವನೋ ಪುಣ್ಯಾತ್ಮ ತಪ್ಪು ಬರ್ಕೊಟ್ಟಿದ್ದ ಸಾರ್, ಅದೇ ಕೈಯಲ್ಲಿ ಕೂತ್ಬಿಟ್ಟಿತ್ತು," ಎಂದು ಮನೆಯಲ್ಲಿ ಯಾರಿಗೋ ಜ್ವರ ಬಂದವರ ಧ್ವನಿಯಲ್ಲಿ ಹೇಳಿದರು.

ಲೋಕದ ವಸ್ತುಗಳಿಗೆಲ್ಲ ಒಂದೊಂದು ಜೊತೆ ನಿಗದಿಯಾಗಿದೆ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ವ್ಯಾಕರಣ ಅದರ ಒಂದು ಮೂಲೆ ಮಾತ್ರ. ಓಣಿಯ ತುದಿಯ ಹೋಟೆಲಿನಲ್ಲಿ ಇಡ್ಲಿಗೆ ಸಾಂಬಾರು ಸುರಿದು ತಂದರೆ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. "ಇಡ್ಲಿಗೆ ಚಟ್ನಿ ಮಾರಾಯ, ಸಾಂಬಾರು ವಡೆಗೆ. ಎಷ್ಟು ಸಲ ಹೇಳೋದು ನಿಂಗೆ?" ಹೋಟೆಲಿನವನು ಬೇಕೆಂದೇ ಮರೆಯುತ್ತಿದ್ದ, ಇವರು ಬೇಕೆಂದೇ ಕಾಯುತ್ತಿದ್ದರು. ತಟ್ಟೆ ಬದಲಾಗಿ ಬರುವವರೆಗೆ ಬೆರಳುಗಳು ಮೇಜಿನ ಅಂಚಿನಲ್ಲಿ ಮೊಳೆ ಹೆಕ್ಕುತ್ತಿದ್ದವು. ಅವರ ಕೇಸಿನಲ್ಲಿ ಯಾವ ಅಕ್ಷರಕ್ಕೂ ಮೀಸಲಿಲ್ಲದ ಒಂದು ಮನೆಯಿತ್ತು. ಅದರಲ್ಲಿ 'ಆಫ್', 'ಟು', 'ಫಾರ್', 'ಇನ್' ಎಂಬಿಷ್ಟನ್ನು ಮೊದಲೇ ಜೋಡಿಸಿ, ನೂಲು ಸುತ್ತಿ, ಹತ್ತು ಹತ್ತರಂತೆ ಇಟ್ಟುಕೊಂಡಿರುತ್ತಿದ್ದರು. ಬೇರೆ ಯಾವ ಕೆಲಸಗಾರನೂ ಆ ಮನೆಗೆ ಕೈ ಹಾಕುವಂತಿರಲಿಲ್ಲ.

ನಾಲ್ಕು ವರ್ಷ ಈ ಸ್ನೇಹ ಹೀಗೇ ನಡೆಯಿತು. ಕಾಲೇಜಿನ ಪ್ರಶ್ನೆಪತ್ರಿಕೆ, ವಾರ್ಷಿಕ ಸಂಚಿಕೆ, ನನ್ನ ಒಂದೆರಡು ಭಾಷಣಗಳು ಎಲ್ಲವೂ ಅವರ ಕೈ ದಾಟಿಯೇ ಹೊರಗೆ ಬಂದವು. ನಾನು ಅವರನ್ನು ಕಂಡಕಂಡವರಲ್ಲಿ ಹೊಗಳುತ್ತಿದ್ದೆ. ಅಧ್ಯಾಪಕರ ಕೊಠಡಿಯಲ್ಲಿ ಅವರ ಕಥೆ ಹೇಳಿ ನಗಿಸುತ್ತಿದ್ದೆ, ಬೆರಗುಗೊಳಿಸುತ್ತಿದ್ದೆ. ಕ್ರಮೇಣ ನಿಘಂಟು ತೆರೆಯುವುದನ್ನು ಕಡಿಮೆ ಮಾಡಿದೆ. ಅನುಮಾನ ಬಂದಾಗ ಬರೆದದ್ದನ್ನು ಬರೆದ ಹಾಗೇ ಕಳಿಸಿ, ಕೈ ನಿಲ್ಲುತ್ತದೋ ಇಲ್ಲವೋ ನೋಡೋಣವೆಂದು ಕಾಯುತ್ತಿದ್ದೆ. ನನ್ನ ಸೋಮಾರಿತನಕ್ಕೆ ನಾನು ಅವರ ಪ್ರತಿಭೆಯೆಂದು ಹೆಸರಿಟ್ಟಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಅರವತ್ತೊಂದನೆಯ ಇಸವಿಯ ಬೇಸಗೆ. ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ, ಅದರ ಹೆಸರು ಬೇಡ, ಉಮಾಮಹೇಶ್ವರಯ್ಯನವರೆಂಬ ಮ್ಯಾನೇಜರು ನಿವೃತ್ತರಾಗುವವರಿದ್ದರು. ಕಟ್ಟುನಿಟ್ಟಿನ ಮನುಷ್ಯ, ಮಾತು ಕಡಿಮೆ, ಇಪ್ಪತ್ತಾರು ವರ್ಷದ ಸೇವೆ. ನೌಕರರೆಲ್ಲ ಸೇರಿ ಅವರಿಗೆ ಹಳದಿ ಸ್ಯಾಟಿನ್ ಬಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ಮುದ್ರಿಸಿದ ಬಿನ್ನವತ್ತಳೆ ಅರ್ಪಿಸುವುದೆಂದಾಯಿತು. ಒಕ್ಕಣೆ ಬರೆದವರು ಅಲ್ಲಿನ ವಯಸ್ಸಾದ ಗುಮಾಸ್ತರೊಬ್ಬರು. ಮುದ್ರಣ ಪರಮೇಶ್ವರಪ್ಪನವರಲ್ಲಿ. "ಸಾಹೇಬರ ವಿಷಯ, ನೀವೊಂದು ಸಲ ಪ್ರೂಫ್ ನೋಡಿಬಿಡಿ ಮೇಷ್ಟ್ರೇ," ಎಂದು ಅವರು ನನಗೆ ಹೇಳಿ ಕಳಿಸಿದ್ದರು.

ನಾನು ಹೋದದ್ದು ನಾಲ್ಕು ಗಂಟೆಗೆ. ಆ ದಿನ ಪ್ರಿನ್ಸಿಪಾಲರ ಮನೆಯಲ್ಲಿ ಚಹಾ. ನನ್ನ ಕೆಲಸ ಕಾಯಂ ಮಾಡುವ ವಿಷಯ ಅಲ್ಲಿ ಪ್ರಸ್ತಾಪಕ್ಕೆ ಬರುವುದಿತ್ತು. ಇಸ್ತ್ರಿ ಮಾಡಿದ ಅಂಗಿಗೆ ಶಾಯಿ ತಾಕೀತೆಂದು ಬಾಗಿಲಲ್ಲೇ ನಿಂತೆ. ಪರಮೇಶ್ವರಪ್ಪನವರು ಊಟಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ಮೂರ್ತಪ್ಪನವರು ಕರಡನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

"ಸಾರ್, ಒಂದು ಕಡೆ ಬರೆದದ್ದನ್ನ ಬಿಟ್ಟು ಕೈ ಹೇಳಿದ್ದನ್ನ ಕೇಳಿದೀನಿ. ಆರನೇ ಸಾಲು. ಸ್ವಲ್ಪ ಕೂತು ನೋಡಿ."

"ನಿಮ್ಮ ಕೈ ಹೋದ ಮೇಲೆ ನಾನೇನ್ ನೋಡೋದು ಮೂರ್ತಪ್ಪನೋರೆ," ಎಂದು ನಕ್ಕು, ಕರಡನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಸಹಿ ಹಾಕಿ ಕೊಟ್ಟೆ. ಅವರ ಮುಖ ಅರಳಿತು. ಅಷ್ಟು ದೊಡ್ಡ ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲವೇನೋ.

ಗುಮಾಸ್ತರು ಬರೆದದ್ದು ಹೀಗೆ: ನಿಮ್ಮ ಸೇವೆಯಲ್ಲಿ ನಾವು ಮುದುಕರಾದೆವು, ದಣಿದೆವು, ಅದಕ್ಕಾಗಿ ನಮಗೆ ಹೆಮ್ಮೆಯಿದೆ. ಇಂಗ್ಲಿಷಿನಲ್ಲಿ 'ಓಲ್ಡ್ ಅಂಡ್ ಟಯರ್ಡ್ ಇನ್ ಯುವರ್ ಸರ್ವಿಸ್'. 'ಟಯರ್ಡ್' ಎಂಬ ಪದ ಮೂರ್ತಪ್ಪನವರ ಕೈಗೆ ಅದುವರೆಗೆ ಎಷ್ಟು ಸಲ ಬಂದಿತ್ತೋ, ಬಂದಾಗಲೆಲ್ಲ ಅದರ ಪಕ್ಕದಲ್ಲಿ 'ಆಫ್' ಇತ್ತು. ಕೈ ಅಲ್ಲಿಗೇ ಹೋಗಿತ್ತು. 'ಇನ್' ಹೋಗಿ 'ಆಫ್' ಬಂದ ಕೂಡಲೇ ದಣಿವು ಬೇಸರವಾಗಿಬಿಟ್ಟಿತು. ಹಳದಿ ಸ್ಯಾಟಿನ್ನಿನ ಮೇಲೆ, ಬಳ್ಳಿಯ ಅಂಚಿನ ನಡುವೆ, ನೌಕರರೆಲ್ಲರ ಪರವಾಗಿ ಅಚ್ಚಾದ ಮಾತು ಇದು: ನಾವು ಮುದುಕರಾದೆವು, ನಿಮ್ಮ ಸೇವೆ ಮಾಡಿ ಮಾಡಿ ಬೇಸತ್ತುಹೋದೆವು, ಅದಕ್ಕಾಗಿ ನಮಗೆ ಹೆಮ್ಮೆಯಿದೆ.

ಸಮಾರಂಭದಲ್ಲಿ ಅದನ್ನು ಗಟ್ಟಿಯಾಗಿ ಓದಿದ ತರುಣ ಅಧಿಕಾರಿ ಆ ಸಾಲು ದಾಟಿ ಎರಡು ಸಾಲು ಮುಂದೆ ಹೋದ ಮೇಲೆ ತಡವರಿಸಿ ನಿಂತನಂತೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರಂತೆ. ಉಮಾಮಹೇಶ್ವರಯ್ಯನವರು ಎದ್ದು, ಬಟ್ಟೆಯನ್ನು ಕೈಗೆ ತೆಗೆದುಕೊಂಡು, ಉತ್ತರ ಹೇಳಬೇಕಾದಲ್ಲಿ ಕೈ ಮಾತ್ರ ಮುಗಿದು ಕುಳಿತುಬಿಟ್ಟರಂತೆ. ಮೂರ್ತಪ್ಪನವರ ಭಾವಮೈದ, ಕಲ್ಲಮ್ಮನವರ ತಮ್ಮ ಗಂಗಾಧರಪ್ಪ ಅದೇ ಕಾರ್ಖಾನೆಯ ಎರಕದ ಮನೆಯಲ್ಲಿ ಕೆಲಸಗಾರ. ಕಾರ್ಮಿಕ ಸಂಘದಲ್ಲಿ ಓಡಾಡುತ್ತಿದ್ದವನು. ಸಂಜೆಯೊಳಗೆ ಸುದ್ದಿ ಹುಟ್ಟಿತು: ಇದು ಅಚ್ಚಿನ ತಪ್ಪಲ್ಲ, ಭಾವ ಭಾವಮೈದ ಸೇರಿ ಬೇಕಂತಲೇ ಮಾಡಿದ್ದು. ಮರುದಿನ ಗಂಗಾಧರಪ್ಪನನ್ನು ಎರಕದ ಮನೆಯಿಂದ ತೆಗೆದು ಅಂಗಳದಲ್ಲಿ ಕುಲುಮೆಯ ಕಿಟ್ಟ ಹೊರುವುದಕ್ಕೆ ಹಾಕಿದರು.

ಮೂರನೆಯ ದಿನ ಪರಮೇಶ್ವರಪ್ಪನವರು ನಮ್ಮ ಮನೆಗೇ ಬಂದರು. ಕುಳಿತವರು ಮೊದಲು ನನ್ನ ಕ್ಷಮೆ ಕೇಳಿದರು.

"ನಿಮಗೆ ತೋರಿಸದೇ ಅಚ್ಚಿಗೆ ಹಾಕ್ಬಿಟ್ಟಿದಾನೆ ಸಾರ್. 'ಮೇಷ್ಟ್ರು ಆವತ್ತು ಬರಲಿಲ್ಲ, ಹೊತ್ತಾಗಿತ್ತು, ನಾನೇ ಹಾಕಿದೆ' ಅಂತ ಬಾಯಿಬಿಟ್ಟು ಒಪ್ಕೊಂಡ. ಮೂವತ್ತು ವರ್ಷದ ಆಳು, ಏನ್ಮಾಡ್ಲಿ? ಇನ್ನು ಬರಬೇಡ ಅಂದೆ."

ನಾನು ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು, "ಕಾಫಿ ತಗೊಳ್ಳಿ," ಎಂಬ ಮಾತು. ಅವರು ಕಾಫಿ ಕುಡಿದು ಹೋದರು.

ಇಂಗ್ಲಿಷ್ ಅಧ್ಯಾಪಕನೇ ಆ ಸಾಲಿಗೆ ಸಹಿ ಹಾಕಿದ್ದಾನೆಂದರೆ ಪ್ರಿನ್ಸಿಪಾಲರು ಏನೆನ್ನುವರು, ಕಾಯಂ ಆಗುವ ಕಾಗದ ಎಲ್ಲಿ ನಿಲ್ಲುವುದು ಎಂದು ನಾನು ಲೆಕ್ಕ ಹಾಕಿದೆನೆಂಬುದನ್ನು ಬರೆಯದೆ ಈ ಚಿತ್ರ ಪೂರ್ತಿಯಾಗದು. ಮೂರ್ತಪ್ಪನವರೂ ಆ ಲೆಕ್ಕವನ್ನೇ ಹಾಕಿದ್ದರೆಂದು ನನಗೆ ಗೊತ್ತಿತ್ತು. ನನ್ನ ಕೆಲಸದ ವಿಷಯವನ್ನು ಹೋಟೆಲಿನಲ್ಲಿ ಅವರ ಮುಂದೆ ಹತ್ತು ಸಲ ಹೇಳಿಕೊಂಡಿದ್ದವನು ನಾನೇ. ಒಂಬತ್ತು ದಿನ ಸುಮ್ಮನಿದ್ದೆ. ತರಗತಿಯಲ್ಲಿ ಹುಡುಗನೊಬ್ಬ 'ಅಶೇಮ್ಡ್' ಎಂಬ ಪದದ ಮುಂದೆ ಏನು ಬರುತ್ತದೆಂದು ಕೇಳಿದ. ಉತ್ತರ ಹೇಳಿ, ಪುಸ್ತಕ ಮಡಿಚಿ, ಸೀದಾ ಸ್ಟೇಷನ್ನಿಗೆ ನಡೆದೆ.

ಹಳೇನಗರದಲ್ಲಿ ಅವರ ಮನೆಯ ಮುಂದಿನ ಜಗುಲಿಯಲ್ಲಿ ಕಲ್ಲಮ್ಮನವರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತ ಕುಳಿತಿದ್ದರು. ಗಿಡ್ಡ ದೇಹ, ದೊಡ್ಡ ಕುಂಕುಮ, ಎದುರಿದ್ದವರ ಮುಖದಿಂದ ಕದಲದ ನೋಟ. ನಾನು ಯಾರೆಂದು ಹೇಳಿದೆ.

"ಬನ್ನಿ ಮೇಷ್ಟ್ರೇ. ಅವರು ಹೊಳೆ ಕಡೆ ಹೋಗಿದಾರೆ. ಈಗ ಹೊತ್ತು ಹೋಗಬೇಕಲ್ಲ ಅವರಿಗೆ." ಮೊರವನ್ನು ಪಕ್ಕಕ್ಕಿಟ್ಟರು. "ನೀವು ಓದಿದೋರು, ನಿಮ್ಮನ್ನೊಂದು ಮಾತು ಕೇಳ್ತೀನಿ. ಕೋಟಿನ ಜೇಬಲ್ಲಿ ಒಂದು ಕಾಗದ ಸಿಕ್ತು. ಅದೇ ಕಾಗದ, ಜಗಳಕ್ಕೆ ಕಾರಣ ಆದದ್ದು. ಕೆಳಗಡೆ ಯಾರದೋ ಸಹಿ ಇದೆ. ಯಾರದು ಅಂದ್ರೆ ಹೇಳಲ್ಲ ಇವರು. ಹರಿದು ಒಲೆಗೆ ಹಾಕು ಅಂತಾರೆ. ನನ್ನ ತಮ್ಮ ಅಲ್ಲಿ ಕಿಟ್ಟ ಹೊರ್ತಿದಾನೆ. ನಾನು ಹಾಕಲಿಲ್ಲ."

ಒಳಗೆ ಹೋಗಿ ತಂದರು. ಎಂಟಾಗಿ ಮಡಿಚಿದ ಕರಡು. ಮಡಿಕೆ ಬಿಚ್ಚಿ ನನ್ನ ಮುಂದೆ ಹಿಡಿದು, ಸಹಿಯ ಮೇಲೆ ಬೆರಳಿಟ್ಟರು.

"ಇದು ಯಾರದು ಮೇಷ್ಟ್ರೇ? ನಿಮಗೆ ಗೊತ್ತಾ?"

"ನನ್ನದು," ಎಂದೆ.

ಅವರು ಬೈಯಲಿಲ್ಲ. ಕಾಗದವನ್ನು ಮತ್ತೆ ಎಂಟಾಗಿ ಮಡಿಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ನಿಮ್ಮ ವಿಷಯ ದಿನಾ ಹೇಳೋರು," ಎಂದು ಒಂದೇ ಮಾತು ಆಡಿ, ಅಕ್ಕಿಯ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಅವರ ಬೆರಳು ಕಲ್ಲನ್ನೂ ಅಕ್ಕಿಯನ್ನೂ ಒಂದೇ ಸಮನೆ ಚೆಲ್ಲುತ್ತಿದ್ದುದನ್ನು ನಾನು ನೋಡಿದೆ. ನಾನು ಜೀವನದಲ್ಲಿ ಅನೇಕ ಪರೀಕ್ಷೆಗಳಿಗೆ ಕುಳಿತಿದ್ದೇನೆ. ಆ ಜಗುಲಿಯಷ್ಟು ಉದ್ದವಾದ ಪರೀಕ್ಷೆಯ ಕೊಠಡಿಯನ್ನು ಕಂಡಿಲ್ಲ.

ಮೂರ್ತಪ್ಪನವರು ಬಂದಾಗ ಕಲ್ಲಮ್ಮನವರೇ ಮಾತು ಶುರು ಮಾಡಿದರು. "ಕೋಟು ಹಾಕ್ಕೊಳ್ಳಿ. ಮೇಷ್ಟ್ರು ನಿಮ್ಮನ್ನ ಆ ಸಾಹೇಬರ ಮನೆಗೆ ಕರ್ಕೊಂಡು ಹೋಗ್ತಾರೆ." ನಾನು ಹಾಗೆಂದು ಹೇಳಿರಲಿಲ್ಲ. ಆದರೆ ಮಾಡಬೇಕಾದದ್ದು ಅದೇ ಎಂದು ಅವರು ಹೇಳಿದ ಮೇಲೆ ನನಗೂ ಸ್ಪಷ್ಟವಾಯಿತು.

ದಾರಿಯುದ್ದಕ್ಕೂ ಮೂರ್ತಪ್ಪನವರು ನನ್ನನ್ನೇ ಸಮಾಧಾನ ಮಾಡುತ್ತ ಬಂದರು. "ನಿಮ್ದು ಈಗಷ್ಟೇ ಶುರು ಸಾರ್. ನಂದು ಮುಗಿದ ಕಥೆ. ಸುಮ್ಮನೆ ಯಾಕೆ?" ಗಿರಾಕಿಯ ಮನೆಗೆ ಹೊರಟವರಂತೆ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು.

ಉಮಾಮಹೇಶ್ವರಯ್ಯನವರು ಇನ್ನೂ ಕಾರ್ಖಾನೆಯ ಬಂಗಲೆ ಬಿಟ್ಟಿರಲಿಲ್ಲ. ಸಾಮಾನು ಕಟ್ಟಿದ ಪೆಟ್ಟಿಗೆಗಳ ನಡುವೆ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ನಡೆದದ್ದನ್ನೆಲ್ಲ ನಡೆದ ಹಾಗೇ ಹೇಳಿದೆ. ನನ್ನ ಸಹಿ, ನನ್ನ ಅವಸರ, ನನ್ನ ಒಂಬತ್ತು ದಿನ. ಅವರು ನನ್ನ ಕಡೆ ತಿರುಗಲಿಲ್ಲ. ಮೂರ್ತಪ್ಪನವರನ್ನೇ ನೋಡಿದರು.

"ನಿಮಗೆ ಇಂಗ್ಲಿಷ್ ಬರುತ್ತಾ?"

"ಇಲ್ಲ ಸ್ವಾಮಿ. ಯಾವ ಪದದ ಪಕ್ಕ ಯಾವುದು ಅಂತ ಮಾತ್ರ ಕೈಗೆ ಬರುತ್ತೆ."

"ನೀವು ತೆಗೆದ ಪದಕ್ಕೂ ಹಾಕಿದ ಪದಕ್ಕೂ ಏನು ವ್ಯತ್ಯಾಸ ಅಂತ ಗೊತ್ತಾ?"

ಮೂರ್ತಪ್ಪನವರು ನನ್ನ ಕಡೆ ತಿರುಗಿದರು. ಈ ಹನ್ನೆರಡು ದಿನಗಳಲ್ಲಿ ಅವರಿಗೆ ಯಾರೂ ಅದನ್ನು ಹೇಳಿರಲಿಲ್ಲ! ತಪ್ಪು ಎಂದಿದ್ದರು, ದ್ರೋಹ ಎಂದಿದ್ದರು. ಏನು ತಪ್ಪು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಉಮಾಮಹೇಶ್ವರಯ್ಯನವರೇ ಕನ್ನಡದಲ್ಲಿ ಹೇಳಿದರು. "ಮೊದಲಿದ್ದದ್ದು, ನಿಮ್ಮ ಕೆಲಸದಲ್ಲಿ ದಣಿದ್ವಿ ಅಂತ. ಈಗ ಆಗಿರೋದು, ನಿಮ್ಮ ಕೆಲಸ ಅಂದ್ರೆ ಸಾಕಾಗಿಹೋಗಿದೆ ಅಂತ."

ಮೂರ್ತಪ್ಪನವರು ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಹಿರಿಯರ ಮುಂದೆ ಅಪ್ಪಣೆಯಿಲ್ಲದೆ ಕೂರುವ ಮನುಷ್ಯರಲ್ಲ ಅವರು. "ಎರಡಕ್ಷರದ ಪದ ಸ್ವಾಮಿ," ಎಂದರು. "ಅಷ್ಟರಲ್ಲಿ ಇಷ್ಟಿರುತ್ತೆ ಅಂತ ಗೊತ್ತಿದ್ದಿದ್ರೆ ನಾನು ಕೈ ಕೇಳ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಇನ್ನೆಷ್ಟು ಜನಕ್ಕೆ ಏನೇನು ಅಂದಿದೀನೋ." ಕಣ್ಣು ತುಂಬಿತ್ತು. ಕೆಲಸ ಹೋದ ದಿನ ಅತ್ತವರಲ್ಲವೆಂದು ಆಮೇಲೆ ಕಲ್ಲಮ್ಮನವರು ನನಗೆ ಹೇಳಿದರು.

"ನಿಜ ಹೇಳ್ಬೇಕು ಅಂದ್ರೆ," ಎಂದರು ಉಮಾಮಹೇಶ್ವರಯ್ಯನವರು, ಈಗ ಸ್ವರ ತಗ್ಗಿತ್ತು, "ನನಗೆ ಸಿಟ್ಟು ಬರಲಿಲ್ಲ. ಭಯ ಆಯ್ತು. ಇಪ್ಪತ್ತಾರು ವರ್ಷ ಇವರು ಹೇಳದೇ ಇದ್ದದ್ದನ್ನ ಕೊನೇ ದಿನ ಬರೆದು ಕೊಟ್ರು ಅಂದ್ಕೊಂಡೆ. ನಿಮ್ಮ ಭಾವಮೈದ ನನ್ನ ಕೈಕೆಳಗೆ ಹನ್ನೊಂದು ವರ್ಷ ಇದ್ದಾನೆ. ನೀವೇ ಹೇಳಿ, ಎರಡರಲ್ಲಿ ಯಾವುದು ಸರಿ?"

ಆ ಸಂದರ್ಭದಲ್ಲಿ ನಾನಾಗಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಚೆನ್ನಾಗಿ ಗೊತ್ತು. ಮೂರ್ತಪ್ಪನವರು ಕಣ್ಣೊರೆಸಿಕೊಂಡು ಯೋಚಿಸಿದರು. "ದಣಿದಿದ್ದಂತೂ ಹೌದು ಸ್ವಾಮಿ. ಸಾಕಾಗಿದ್ದೂ ಒಂದೊಂದು ದಿನ ಇದ್ದಿರುತ್ತೆ. ಆದ್ರೆ ಸಾಕಾದೋರು ಸ್ಯಾಟಿನ್ ಬಟ್ಟೆ ತರಲ್ಲ."

ಆ ಮನುಷ್ಯ ನಕ್ಕರು. ಹೊಟ್ಟೆ ಅಲ್ಲಾಡುವ ಗಟ್ಟಿ ನಗು. ಒಳಗಿನಿಂದ ಅವರ ಪತ್ನಿ ಏನಾಯಿತೆಂದು ಇಣುಕಿ ನೋಡಿದರು. ಆಮೇಲೆ ಎರಡು ಕಾಗದ ಬರೆದುಕೊಟ್ಟರು: ಒಂದು ಕಾರ್ಖಾನೆಗೆ, ಒಂದು ಪರಮೇಶ್ವರಪ್ಪನವರಿಗೆ. ಮರುದಿನ ನಾನು ಪರಮೇಶ್ವರಪ್ಪನವರಲ್ಲಿಗೂ ಪ್ರಿನ್ಸಿಪಾಲರಲ್ಲಿಗೂ ಹೋಗಿ ನನ್ನ ಪಾಲಿನದನ್ನು ಹೇಳಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ, ಒಂದು ವರ್ಷ ಕಾಯಿರಿ ಎಂದರು. ಕಾದೆ. ಗಂಗಾಧರಪ್ಪ ಎರಕದ ಮನೆಗೆ ಮರಳಿದ. ಮೂರ್ತಪ್ಪನವರು ಕೇಸಿನ ಮುಂದೆ ಮರಳಿದರು.

ಮರಳಿದವರು ಮೊದಲಿನವರಾಗಿರಲಿಲ್ಲ. ಒಂದೊಂದು ಪದದ ಮುಂದೆಯೂ ಕೈ ತಡೆಯುತ್ತಿತ್ತು. "ಈಗ ಮೊಳೆ ಎತ್ತೋದಕ್ಕಿಂತ ತಲೆ ಎತ್ತೋದೇ ಜಾಸ್ತಿ," ಎಂದು ಪರಮೇಶ್ವರಪ್ಪನವರು ಗೊಣಗುತ್ತಿದ್ದರು. ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಹೋಗಿ ಕೂರುವುದು, ಅವರು ಕೇಳುವುದು, ನಾನು ಹೇಳುವುದು ರೂಢಿಯಾಯಿತು. ಮೊದಲನೆಯ ದಿನವೇ, "'ಆಫ್' ಅಂದ್ರೆ ಏನು ಸಾರ್?" ಎಂದು ಕೇಳಿ ನನ್ನನ್ನು ಸಿಕ್ಕಿಸಿಹಾಕಿದರು. ಹಾವಿಗೆ ಹೆದರುವುದಾದರೆ ಅದು 'ಗೆ', ಮಕ್ಕಳ ಮೇಲೆ ಪ್ರೀತಿಯಾದರೆ 'ಮೇಲೆ', ಕೊಡದಲ್ಲಿ ನೀರು ತುಂಬಿದ್ದರೆ ಏನೂ ಇಲ್ಲ ಎಂದು ಒಂದೊಂದೇ ಹೇಳುತ್ತ ಹೋದೆ.

"ಹಾಗಾದ್ರೆ ಅದಕ್ಕೆ ಸ್ವಂತದ್ದು ಅಂತ ಅರ್ಥಾನೇ ಇಲ್ವಾ?"

"ಜೊತೇಲಿರೋರನ್ನ ನೋಡ್ಕೊಂಡು ಬದಲಾಗುತ್ತೆ."

"ನಮ್ಮ ಗಂಗಾಧರನ ಹಾಗೆ," ಎಂದು ರೊಟ್ಟಿ ಮುರಿದರು.

ಎರಡು ವರ್ಷದಲ್ಲಿ ವೇಗ ಅರ್ಧ ಮರಳಿತು. ಪೂರ್ತಿ ಎಂದೂ ಮರಳಲಿಲ್ಲ. ನಾನು ಅವರಿಗೆ ಉಪಕಾರ ಮಾಡಿದೆನೋ ಅಪಕಾರ ಮಾಡಿದೆನೋ ಎಂದು ಒಮ್ಮೆ ಕೇಳಿದ್ದಕ್ಕೆ, "ಮೊದಲು ಕತ್ತಲಲ್ಲಿ ಓಡ್ತಿದ್ದೆ ಸಾರ್, ಎಡವಲಿಲ್ಲ ಅನ್ನೋದೇ ಜಂಬ. ಈಗ ದೀಪ ಹಿಡ್ಕೊಂಡು ನಿಧಾನಕ್ಕೆ ಹೋಗ್ತೀನಿ," ಎಂದರು.

ಅರವತ್ತಾರರಲ್ಲಿ ಕೈಪಿಡಿಯ ಎರಡನೆಯ ಮುದ್ರಣ ಬಂದಿತು. ಮುನ್ನುಡಿಯ ಕೊನೆಯಲ್ಲಿ, ಈ ಪುಸ್ತಕದಲ್ಲಿ ಸರಿಯಿರುವುದರ ಬಹುಪಾಲಿಗೆ ಶ್ರೀ ಮೂರ್ತಪ್ಪನವರಿಗೆ ಕೃತಜ್ಞನಾಗಿದ್ದೇನೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದೆ. ಈ ಸಲ ಕರಡನ್ನು ಅಚ್ಚುಕೂಟದ ಬೆಂಚಿನ ಮೇಲೆ ಕುಳಿತು, ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಮೂರ್ತಪ್ಪನವರ ಹೆಸರಿನ ಮುಂದೆ 'ಮತ್ತು ಶ್ರೀಮತಿ ಕಲ್ಲಮ್ಮ' ಎಂದು ಸೇರಿತ್ತು. ಯಾರೂ ಬರೆದುಕೊಡದ ಪದಗಳನ್ನು ಅವರು ತಾವಾಗಿ ಜೋಡಿಸಿದ್ದು, ನನಗೆ ಗೊತ್ತಿರುವ ಮಟ್ಟಿಗೆ, ಅದೊಂದೇ ಸಲ.

"ಇದು ನಾನು ಬರೆದದ್ದಲ್ಲವಲ್ಲ," ಎಂದೆ.

"ಅವತ್ತು ನಿಮ್ಮನ್ನ ಕೇಳಿದೋಳು ಅವಳು ತಾನೇ ಸಾರ್," ಎಂದರು, ಕೇಸಿನಿಂದ ಮುಖ ಎತ್ತದೆ. ನಾನು ಸಹಿ ಹಾಕಿದೆ.

ಇಂಥವರು ಒಂದು ಕಾಲಕ್ಕೆ ನಮ್ಮ ಪೇಟೆಗಳ ಓಣಿಗಳಲ್ಲೆಲ್ಲ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರು. ಯಾವ ಶಾಲೆಯೂ ಕಲಿಸದ ವಿದ್ಯೆಯೊಂದು ದಿನದ ದುಡಿಮೆಯಲ್ಲಿ ಅವರ ಮೈಗೆ ಇಳಿದಿರುತ್ತದೆ. ಅದನ್ನು ವಿದ್ಯೆಯೆಂದು ಕರೆದುಕೊಳ್ಳುವ ಧೈರ್ಯ ಅವರಿಗಿರುವುದಿಲ್ಲ, ಅದರ ಮಿತಿ ಎಲ್ಲಿದೆಯೆಂದು ಹೇಳಿಕೊಡುವ ತಾಳ್ಮೆ ನಮಗಿರುವುದಿಲ್ಲ. ನಾವು, ಓದಿದವರು, ಅವರನ್ನು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಅವರು ಆ ಹೊಗಳಿಕೆಯನ್ನು ನಂಬಿ ನಮ್ಮ ಭಾರವನ್ನೂ ಹೊರುತ್ತಾರೆ, ಭಾರ ಕುಸಿದ ದಿನ ತಪ್ಪನ್ನೂ ತಾವೇ ಹೊತ್ತು ಮನೆಗೆ ಹೋಗುತ್ತಾರೆ. ಅವರ ದೊಡ್ಡತನವನ್ನು ಕುರಿತು ಬರೆಯುವುದು ಸುಲಭ. ಅವರ ಪಕ್ಕದಲ್ಲಿ ಕುಳಿತು, ಕೆಲಸವನ್ನು ಇಬ್ಬರೂ ಕೂಡಿ ನೋಡುವುದಕ್ಕೆ ಅರ್ಧ ಗಂಟೆಯ ಬಿಡುವು ಬೇಕು. ಆ ಅರ್ಧ ಗಂಟೆಯನ್ನು ಕೊಡದೆ ಹೋದವರು ನಮ್ಮಲ್ಲಿ ಬಹಳ ಮಂದಿ.